ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದು: ಐದರಿಂದ ಎಂಟನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ನಮ್ಮ ಮನೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ, ತೋಟದ ನಡುವೆ ಇದೆ. ಮಗ ಆರನೇ ಕ್ಲಾಸಿನಲ್ಲಿದ್ದ. ದಸರಾ ರಜೆ ಮುಗಿದ ಮೇಲೆ ಅವನನ್ನು ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಕಲಿಸಲು ಶುರು ಮಾಡಿದೆವು. ಈಗ ಒಂದೂವರೆ ವರ್ಷ ಆಯಿತು. ಮೂಡಿಗೆರೆ, ಸಕಲೇಶಪುರ, ಬೇಲೂರು, ಹಾಸನದ ಕಡೆಯಿಂದ ಪರಿಚಯದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ಶಾಲೆಯಿಂದ ಬಿಡಿಸಲು ಒಂದು ದಿನ ಸಾಕು. ನಾಳೆ ಅದೇ ಮಗು "ನಾನು ಶಾಲೆಗೆ ಹೋಗ್ತೀನಿ" ಅಂದರೆ ಯಾವ ಅಡ್ಡಿಯೂ ಇಲ್ಲದೆ ಹೋಗುವಂತೆ ಇಟ್ಟುಕೊಳ್ಳುವುದಕ್ಕೆ ತಯಾರಿ ಬೇಕು. ಕೆಳಗಿನ ಹಂತಗಳೆಲ್ಲ ಆ ತಯಾರಿಯೇ.

ಹಂತ 1: ತೊಂದರೆ ಶಾಲೆಯದೋ, ಆ ಶಾಲೆಯದೋ?

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಗು ಯಾವ ದಿನ ಹೊಟ್ಟೆನೋವು ಅಂದಿತು, ಯಾವ ವಿಷಯದ ಹೋಂವರ್ಕ್ ಮಾಡುವಾಗ ಅತ್ತಿತು, ಯಾವ ದಿನ ಖುಷಿಯಾಗಿ ಬಂತು ಅಂತ. ನಮ್ಮ ನೋಟ್‌ಬುಕ್ಕಿನಲ್ಲಿ ಕಂಡದ್ದು ಇಷ್ಟು: ಬೆಳಿಗ್ಗೆ 7.15ಕ್ಕೆ ವ್ಯಾನು, ಸಂಜೆ 5.30ಕ್ಕೆ ಮನೆ, ಆಮೇಲೆ ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡುವುದು. ಸ್ನೇಹಿತರ ಮೇಲೆ ಅವನಿಗೆ ದೂರು ಇರಲಿಲ್ಲ, ಟೀಚರ್ ಮೇಲೂ ಇರಲಿಲ್ಲ. ಓದು ಅಂದರೆ ಬರೆದದ್ದನ್ನೇ ಬರೆಯುವುದು ಅಂತ ಅವನಿಗೆ ಅನ್ನಿಸಿಬಿಟ್ಟಿತ್ತು.

ನಿಮ್ಮ ನೋಟ್‌ಬುಕ್ಕಿನಲ್ಲಿ ಒಬ್ಬನೇ ಹುಡುಗನ ಕಾಟವೋ, ಒಬ್ಬರೇ ಶಿಕ್ಷಕರ ಹೊಡೆತವೋ ಕಂಡರೆ ಮೊದಲು ಅದನ್ನು ಸರಿಮಾಡಿಸಿ. ಮಕ್ಕಳಿಗೆ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮುಖ್ಯ ಶಿಕ್ಷಕರ ಹತ್ತಿರ ಧೈರ್ಯವಾಗಿ ಮಾತಾಡಿ. ಬೇರೆ ಶಾಲೆಗೆ ಸೇರಿಸಿದರೆ ಮುಗಿಯುವ ತೊಂದರೆಗೆ ಮನೆ ಶಾಲೆ ಮದ್ದಲ್ಲ. ಕಣ್ಣು ಸರಿ ಕಾಣುತ್ತದಾ, ಕಿವಿ ಸರಿ ಕೇಳುತ್ತದಾ ಅಂತಲೂ ಒಮ್ಮೆ ತೋರಿಸಿಬಿಡಿ. ಹಿಂದಿನ ಬೆಂಚಿನಿಂದ ಬೋರ್ಡು ಕಾಣದೆ ದಡ್ಡ ಅನ್ನಿಸಿಕೊಂಡ ಮಕ್ಕಳು ಎಷ್ಟೋ ಜನ ಇರುತ್ತಾರೆ.

ಇನ್ನು ಮನೆಯಲ್ಲಿ ಯಾರು ಇರುತ್ತಾರೆ? ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಹೊರಟು ರಾತ್ರಿ ಬರುವವರಾದರೆ ಮಗು ಮನೆಯಲ್ಲಿ ಮೊಬೈಲ್ ಜೊತೆ ಒಂಟಿಯಾಗಿ ಉಳಿಯುತ್ತದೆ. ದೊಡ್ಡವರೊಬ್ಬರು ದಿನಕ್ಕೆ ಮೂರು ಗಂಟೆ ಪೂರ್ತಿ ಮನಸ್ಸು ಕೊಟ್ಟು ಕೂರಲು ಆಗಬೇಕು. ಆಗಲ್ಲ ಅಂದರೆ ಈಗ ಬೇಡ. ಮಗುವನ್ನೂ ಕೇಳಿ. ಹತ್ತು ಹನ್ನೊಂದು ವರ್ಷದ ಮಗುವಿಗೆ ಹೇಳುವ ಮಾತು ಇರುತ್ತದೆ, ಅಲ್ವಾ?

ಹಂತ 2: ಕಾನೂನು ಏನು ಹೇಳುತ್ತದೆ

2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ನಾವು ಆರ್‌ಟಿಇ ಅನ್ನುವುದು ಇದನ್ನೇ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಹೆತ್ತವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಮನೆಯಲ್ಲಿ ಕಲಿಸುವ ವಿಚಾರವನ್ನು ಕಾಯ್ದೆ ಎತ್ತಿಯೇ ಇಲ್ಲ, ಹೌದು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಅಂದರೆ ನಿಮಗೆ ಅನುಮತಿ ಪತ್ರ ಕೊಡುವ ಕಚೇರಿ ಇಲ್ಲ. ಇಲಾಖೆಯ ಲೆಕ್ಕದಲ್ಲಿ ನಿಮ್ಮ ಮಗು "ಶಾಲೆಯಿಂದ ಹೊರಗುಳಿದ ಮಗು" ಆಗುತ್ತದೆ. ಇದನ್ನು ತಿಳಿದುಕೊಂಡೇ ಹೆಜ್ಜೆ ಇಡಿ.

ಅದೇ ಕಾಯ್ದೆ ವಾಪಸ್ ಬರುವ ಮಗುವಿನ ಕಡೆಗೂ ನಿಂತಿದೆ. 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. 13ನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳಲು ಪರೀಕ್ಷೆ ಇಡುವಂತಿಲ್ಲ. ಟಿಸಿ ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತೆಯೂ ಇಲ್ಲ. ಎಂಟನೇ ತರಗತಿಯವರೆಗೆ ಈ ರಕ್ಷಣೆ ಇದೆ. ಒಂಬತ್ತಕ್ಕೆ ವಾಪಸ್ ಹೋಗುವುದು ಇಷ್ಟು ಸಲೀಸಲ್ಲ.

ಹೆಸರು ಮಾತ್ರ ಶಾಲೆಯಲ್ಲಿ ಇರಲಿ, ಮಗು ಮನೆಯಲ್ಲಿ ಇರಲಿ, ಹಾಜರಿ ಅವರು ಹಾಕಿಕೊಳ್ಳುತ್ತಾರೆ ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಖಂಡಿತ ಬೇಡ ಅನ್ನುತ್ತೇನೆ. ಸುಳ್ಳು ಹಾಜರಿ ಬರೆಯುವ ತಲೆನೋವು ಒಬ್ಬ ಶಿಕ್ಷಕರ ಮೇಲೆ ಬೀಳುತ್ತದೆ. ನಿಮ್ಮ ಮಗು ಅದನ್ನು ನೋಡಿ ಕಲಿಯುತ್ತದೆ.

ಹಂತ 3: ಮುಂದಿನ ಲೆಕ್ಕ ಈಗಲೇ ಹಾಕಿ

ತುಂಬಾ ಜನ ಈ ಹಂತಕ್ಕೇ ಬರುವುದಿಲ್ಲ, ಆಮೇಲೆ ಪಿಯುಸಿ ಹೊತ್ತಿಗೆ ಗಾಬರಿಯಾಗುತ್ತಾರೆ.

ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಇರುವ ಮುಖ್ಯ ಅರ್ಹತೆ ಒಂದಿದೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ ಒಟ್ಟು 7 ವರ್ಷ ರಾಜ್ಯದ ಮಾನ್ಯತೆ ಇರುವ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಬೇರೆ ಅರ್ಹತೆಯ ನಿಯಮಗಳೂ ಇವೆ, ಆದರೆ ಹೆಚ್ಚಿನವರು ಬರುವುದು ಇದರಲ್ಲೇ. ನಿಮ್ಮ ಮಗು ಐದನೇ ತರಗತಿ ಮುಗಿಸಿದ್ದರೆ 5 ವರ್ಷ ಸಿಕ್ಕಿತು. ಮುಂದೆ ಪಿಯು ಕಾಲೇಜಿಗೆ ಸೇರಿದರೆ ಇನ್ನೆರಡು. ಸರಿಯಾಗಿ 7. ನಾಲ್ಕನೇ ತರಗತಿ ಮುಗಿಸಿ ಬಿಡಿಸಿದರೆ ಒಂದು ವರ್ಷ ಕಮ್ಮಿ ಬೀಳುತ್ತದೆ. ಅರ್ಧಕ್ಕೆ ಬಿಟ್ಟ ವರ್ಷವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ನೀವೂ ಹಿಡಿಯಬೇಡಿ.

ಗ್ರಾಮೀಣ ಕೋಟಾ ಇನ್ನೂ ಬಿಗಿ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಕೋಟಾಗೂ ಒಂದರಿಂದ ಹತ್ತು. ಇವುಗಳ ಪ್ರಮಾಣಪತ್ರಕ್ಕೆ ಶಾಲೆಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಸಹಿಯೂ ಬೇಕು. ಮನೆಯಲ್ಲಿ ಕಲಿತ ವರ್ಷಕ್ಕೆ ಆ ಸಹಿ ಸಿಗುವುದಿಲ್ಲ. ನಮ್ಮಂಥ ಹಳ್ಳಿಯ ಮಕ್ಕಳಿಗೆ ಇದು ಸಣ್ಣ ನಷ್ಟ ಅಲ್ಲ. ನಾವು ಗೊತ್ತಿದ್ದೇ ಬಿಟ್ಟುಕೊಟ್ಟೆವು. ನೀವೂ ಗೊತ್ತಿದ್ದೇ ತೀರ್ಮಾನ ಮಾಡಿ.

ನವೋದಯದ ಆಸೆ ಇದ್ದರೂ ಯೋಚಿಸಿ. ಆರನೇ ತರಗತಿ ಪ್ರವೇಶ ಪರೀಕ್ಷೆ ಬರೆಯುವ ವರ್ಷ ಮಗು ಮಾನ್ಯತೆ ಇರುವ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಆ ಪರೀಕ್ಷೆ ಬರೆದು, ಐದನೆಯದು ಪೂರ್ತಿ ಮುಗಿಯುವ ತನಕ ಬಿಡಿಸಬೇಡಿ.

ಹತ್ತನೇ ತರಗತಿಗೆ ಎರಡು ದಾರಿ ಇದೆ. ಒಂದು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ವಯಸ್ಸಿನ ನಿಯಮ ಇರುತ್ತದೆ, ಆಯಾ ವರ್ಷದ ಅಧಿಸೂಚನೆ ನೋಡಿಕೊಳ್ಳಿ. ಇನ್ನೊಂದು, ಎನ್‌ಐಒಎಸ್. ಇದು ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ, 1989ರಲ್ಲಿ ಶುರುವಾಯಿತು. 14 ವರ್ಷ ತುಂಬಿದವರು ಸೆಕೆಂಡರಿಗೆ, ಅಂದರೆ ಹತ್ತನೆಯದಕ್ಕೆ, ನೋಂದಾಯಿಸಬಹುದು. ಐದು ವಿಷಯ ಸಾಕು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಒಮ್ಮೆ ನೋಂದಾಯಿಸಿದರೆ 5 ವರ್ಷ ಅವಧಿ, ಅದರೊಳಗೆ 9 ಅವಕಾಶ. ಎಲ್ಲ ವಿಷಯವನ್ನೂ ಒಟ್ಟಿಗೇ ಬರೆಯಬೇಕಾಗಿಲ್ಲ. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರು ಸ್ವಯಂ ದೃಢೀಕರಣ ಕೊಟ್ಟು ಸೇರಬಹುದು. ಎಂಟನೆಯದಕ್ಕೆ ಸಮನಾದ ಪ್ರಮಾಣಪತ್ರವೇ ಬೇಕು ಅಂದರೆ ಅವರದೇ ಮುಕ್ತ ಮೂಲ ಶಿಕ್ಷಣದ ಸಿ ಹಂತ ಇದೆ. ಪಿಯುಗೆ ಸೇರುವಾಗ ಅವರು ಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ, ಕಳೆದುಕೊಳ್ಳಬೇಡಿ.

ಹಂತ 4: ಕಾಗದಪತ್ರ

ಬಿಡಿಸಲು ಒಳ್ಳೆಯ ಹೊತ್ತು ಏಪ್ರಿಲ್. ವರ್ಷ ಮುಗಿದಿರುತ್ತದೆ, ಅಂಕಪಟ್ಟಿ ಕೈಯಲ್ಲಿರುತ್ತದೆ, ಎರಡು ತಿಂಗಳು ಹೇಗೂ ರಜೆ. ನಾವು ನಡುವೆ ಬಿಡಿಸಿದ್ದಕ್ಕೆ ಅರ್ಧ ವರ್ಷ ಸುಮ್ನೆ ಹೋಯಿತು. ಮಗುವಿಗೆ ತೀರಾ ಕಷ್ಟ ಆಗಿದ್ದರೆ ಮಾತ್ರ ದಸರಾ ರಜೆಯಲ್ಲಿ ಬಿಡಿಸಿ.

ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ. ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಯಾವ ದಿನದಿಂದ ಬಿಡಿಸುತ್ತಿದ್ದೀರಿ, ಮನೆಯಲ್ಲಿ ಯಾವ ಪಠ್ಯಕ್ರಮ ಅನುಸರಿಸುತ್ತೀರಿ, ಮುಂದೆ ಯಾವ ಪರೀಕ್ಷೆ ಬರೆಸುತ್ತೀರಿ. ಶಾಲೆಯ ಮೇಲಿನ ಸಿಟ್ಟನ್ನು ಈ ಪತ್ರದಲ್ಲಿ ಹಾಕಬೇಡಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ "ಸ್ವೀಕರಿಸಿದೆ" ಅಂತ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಿಇಒ ಕಚೇರಿಗೂ ಒಂದು ಪ್ರತಿ ಕೊಟ್ಟು ಅಲ್ಲೂ ಸೀಲು ಹಾಕಿಸಿ. ನಾನು ಈ ಸೀಲು ಹಾಕಿಸಲಿಲ್ಲ. ಡಿಸೆಂಬರಿನಲ್ಲಿ ಇಲಾಖೆಯ ಪರವಾಗಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮನೆಗೆ ಬಂದು "ಮಗು ಯಾಕೆ ಶಾಲೆಗೆ ಬರ್ತಿಲ್ಲ" ಅಂದಾಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಕೆಲಸ ಅವರು ಮಾಡಿದರು. ಹೊಸದಾಗಿ ಪತ್ರ ಬರೆದು ಕೊಟ್ಟೆ. ಮಗ ಆ ಹೊತ್ತಿಗೆ ಬರೆದಿದ್ದ ನೋಟ್‌ಬುಕ್ಕುಗಳನ್ನೂ ತೋರಿಸಿದೆ. ಅವುಗಳನ್ನು ನೋಡಿದ ಮೇಲೆ ಮಾತು ಮೆತ್ತಗಾಯಿತು.

ತಗೊಳ್ಳಬೇಕಾದದ್ದು: ಟಿಸಿ, ಮುಗಿಸಿದ ಎಲ್ಲ ತರಗತಿಗಳ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ. ಫೀ ಬಾಕಿ ಇದ್ದರೆ ತೀರಿಸಿ ರಶೀದಿ ಇಟ್ಟುಕೊಳ್ಳಿ. ಟಿಸಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು, ಜಾತಿ, ಅಪ್ಪ ಅಮ್ಮನ ಹೆಸರು ಎಲ್ಲವನ್ನೂ ಆಧಾರ್ ಮತ್ತು ಜನನ ಪ್ರಮಾಣಪತ್ರದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ನಮ್ಮದರಲ್ಲಿ ಇನಿಷಿಯಲ್ ಟಿಸಿಯಲ್ಲಿ ಹಿಂದೆ, ಆಧಾರಿನಲ್ಲಿ ಮುಂದೆ ಇತ್ತು. ಮನೆಗೆ ಬಂದು ನೋಡಿದ್ದಕ್ಕೆ ತಿದ್ದಿಸಲು ಮೂರು ವಾರ ಓಡಾಡಿದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಫೋಲ್ಡರಿನಲ್ಲೇ ಇಡಿ.

ಹಂತ 5: ಮೊದಲ ಆರು ವಾರ ಶಾಲೆಯನ್ನು ಮನೆಗೆ ತರಬೇಡಿ

ನಾನು ಹಾಗೆ ತಂದಿದ್ದೆ. ಗೋಡೆಗೆ ಟೈಂಟೇಬಲ್ ಅಂಟಿಸಿದೆ. ದಿನಕ್ಕೆ ಏಳು ಪೀರಿಯಡ್, ನಲವತ್ತು ನಲವತ್ತು ನಿಮಿಷ. ಒಂಬತ್ತನೇ ದಿನ ಮಗ ಹೇಳಿದ, "ಅಮ್ಮ, ಶಾಲೇಲಿ ಐವತ್ತು ಜನ ಇದ್ದರು, ಟೀಚರ್ ಎಲ್ಲರನ್ನೂ ನೋಡ್ತಿದ್ದರು. ಇಲ್ಲಿ ನೀನು ಇಡೀ ದಿನ ನನ್ನನ್ನೇ ನೋಡ್ತೀಯ." ಅವತ್ತು ಸಂಜೆ ಟೈಂಟೇಬಲ್ ಕಿತ್ತೆ.

ಈ ಆರು ವಾರದಲ್ಲಿ ಮಗು ಜಾಸ್ತಿ ನಿದ್ದೆ ಮಾಡುತ್ತದೆ. ಬೇಜಾರು ಅನ್ನುತ್ತದೆ. ಅನ್ನಲಿ. ಟಿವಿ, ಮೊಬೈಲಿಗೆ ಮಾತ್ರ ಮೊದಲ ದಿನದಿಂದಲೇ ಹೊತ್ತು ಗೊತ್ತುಮಾಡಿ, ಆಮೇಲೆ ಬಿಗಿ ಮಾಡುವುದು ಆಗದ ಮಾತು. ಬೆಳಿಗ್ಗೆ ಒಂದು ಗಂಟೆ ಜೊತೆಯಲ್ಲಿ ಕೂತು ಓದಿ, ನೀವು ಒಂದು ಪುಟ, ಮಗು ಒಂದು ಪುಟ. ಒಂದು ಮನೆಕೆಲಸ ಪೂರ್ತಿ ಮಗುವಿನ ಜವಾಬ್ದಾರಿ ಮಾಡಿ. ನಮ್ಮಲ್ಲಿ ಕೋಳಿಗೂಡು ಅವನಿಗೆ ಬಂತು.

ಹಾಗೆಯೇ ಮಗು ಎಲ್ಲಿದೆ ಅಂತ ತಿಳಿದುಕೊಳ್ಳಿ. ಪರೀಕ್ಷೆ ಮಾಡಬೇಡಿ, ನೋಡುತ್ತಿರಿ. ನಾಲ್ಕನೇ ತರಗತಿಯ ಕನ್ನಡ ಪುಸ್ತಕ ತಡವರಿಸದೆ ಓದುತ್ತದಾ? ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದಾ? ಮೂರು ಚಪಾತಿಯನ್ನು ನಾಲ್ಕು ಜನಕ್ಕೆ ಸಮ ಮಾಡಿ ಹಂಚು ಅಂದರೆ ಏನು ಮಾಡುತ್ತದೆ? ನನ್ನ ಮಗನಿಗೆ ಭಿನ್ನರಾಶಿ ಕೂಡುವ ಕ್ರಮ ಬಾಯಿಗೆ ಬರುತ್ತಿತ್ತು, ಚಪಾತಿ ಹಂಚಲು ಬರಲಿಲ್ಲ. ಅಂದರೆ ಆರನೆಯದರ ಗಣಿತವನ್ನು ನಾವು ನಾಲ್ಕನೆಯದರಿಂದ ಶುರು ಮಾಡಬೇಕಿತ್ತು. ಹಿಂದಕ್ಕೆ ಹೋಗಲು ನಾಚಿಕೆ ಬೇಡ. ನಾಲ್ಕನೆಯದರ ಗಣಿತ ಹನ್ನೊಂದು ವರ್ಷದ ಮಗುವಿಗೆ ಎರಡೇ ತಿಂಗಳಲ್ಲಿ ಮುಗಿಯುತ್ತದೆ.

ಹಂತ 6: ವರ್ಷವನ್ನು ಮಳೆಗೂ ಕಾಫಿಗೂ ಹೊಂದಿಸಿ

ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ತೋಟ ಇರುವವರ ಮನೆಗೆ ಶಾಲೆಯ ಕ್ಯಾಲೆಂಡರ್ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಹೊರಗೆ ಕಾಲಿಡಲು ಆಗದ ಮಳೆ. ಆಗ ಪುಸ್ತಕದ ಓದು ಜಾಸ್ತಿ ಇಟ್ಟುಕೊಳ್ಳಿ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಹಣ್ಣಿನ ಕೊಯ್ಲು, ದೊಡ್ಡವರಿಗೆ ಕೂರಲು ಪುರುಸೊತ್ತು ಇರಲ್ಲ. ಆಗ ಬೆಳಿಗ್ಗೆ ಒಂದು ಗಂಟೆ ಗಣಿತ, ಒಂದು ಗಂಟೆ ಓದು, ಉಳಿದದ್ದು ಕಣದಲ್ಲಿ. ಹಾಸನ ಬಯಲಿನ ಕಡೆಯವರು ಆಲೂಗಡ್ಡೆ, ಜೋಳದ ಕೆಲಸ ನೋಡಿಕೊಂಡು ಹೊಂದಿಸಬಹುದು.

ಮಳೆಗಾಲದಲ್ಲಿ ಕರೆಂಟು ಮೂರು ದಿನ ಬರದಿದ್ದರೂ ಆಶ್ಚರ್ಯ ಇಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಆನ್‌ಲೈನ್ ಕ್ಲಾಸನ್ನೇ ನಂಬಿ ಕೂರಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಎನ್‌ಸಿಇಆರ್‌ಟಿಯದೂ ಸಿಗುತ್ತದೆ. ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೋಗಳಿವೆ. ಎಲ್ಲವನ್ನೂ ಮೇ ತಿಂಗಳಲ್ಲೇ ಇಳಿಸಿಕೊಂಡು, ಬೇಕಾದ ಪಾಠಗಳನ್ನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿಬಿಡಿ.

ದಿನದ ಕಟ್ಟು ಈ ವಯಸ್ಸಿಗೆ ಮೂರು ಗಂಟೆ ಸಾಕು. ಒಬ್ಬನೇ ಮಗು ಎದುರು ಕೂತಾಗ ಮೂರು ಗಂಟೆಯಲ್ಲಿ ಆಗುವ ಕೆಲಸ ಬಹಳ. ಬೆಳಿಗ್ಗೆ ತಲೆ ಚುರುಕಾಗಿರುವಾಗ ಗಣಿತ, ಆಮೇಲೆ ಒಂದು ಭಾಷೆ, ಊಟದ ನಂತರ ವಿಜ್ಞಾನ ಅಥವಾ ಸಮಾಜ. ಸಂಜೆ ಆಟ.

ಹಂತ 7: ಯಾವ ವಿಷಯ ಹೇಗೆ

ಗಣಿತದ ಬಗ್ಗೆ ಜಾಸ್ತಿ ಹೇಳುತ್ತೇನೆ, ಎಲ್ಲರಿಗೂ ಭಯ ಇರುವುದು ಅದರದ್ದೇ.

ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಅಳೆಯುವ ರೈನ್‌ಗೇಜ್ ಇರುತ್ತದೆ. ಲೆಕ್ಕ ಇವತ್ತಿಗೂ ಇಂಚು ಮತ್ತು ಸೆಂಟಿನಲ್ಲಿ, 100 ಸೆಂಟಿಗೆ ಒಂದು ಇಂಚು. ಅದನ್ನು ಬರೆಯುವ ಕೆಲಸ ನಮ್ಮ ಮಾವನದ್ದಾಗಿತ್ತು. ಜೂನ್ ಒಂದರಿಂದ ಮಗನಿಗೆ ಒಪ್ಪಿಸಿದೆವು. ಬೆಳಿಗ್ಗೆ ಎಂಟಕ್ಕೆ ಕೊಡೆ ಹಿಡಿದು ಹೋಗಿ, ಡಬ್ಬಿಯ ನೀರನ್ನು ಅಳತೆ ಗಾಜಿಗೆ ಹೊಯ್ದು, ಗೆರೆ ನೋಡಿ ಬರೆಯಬೇಕು. ಮೂರನೇ ದಿನ 5 ಸೆಂಟ್ ಮಳೆ. ಅವನು ಪುಸ್ತಕದಲ್ಲಿ 0.5 ಅಂತ ಬರೆದ. ಅಜ್ಜ ಕನ್ನಡಕ ಏರಿಸಿ ನೋಡಿದರು. "ಅರ್ಧ ಇಂಚು ಎಲ್ಲಿ ಬಂತೋ ಮಾರಾಯ? ಅಂಗಳನೇ ನೆಂದಿಲ್ಲ!" ಮಗ ಪುಸ್ತಕ ನೋಡಿದ, ಅಂಗಳ ನೋಡಿದ. ಸೊನ್ನೆ ಎಲ್ಲಿ ಸೇರಬೇಕು ಅಂತ ಅವನೇ ಕಂಡುಕೊಂಡು 0.05 ಅಂತ ತಿದ್ದಿದ. ದಶಮಾಂಶದ ಪಾಠ ಅವತ್ತು ಮುಗಿಯಿತು. ಶಾಲೆಯಲ್ಲಿ ಅದೇ ಲೆಕ್ಕಕ್ಕೆ ಅವನಿಗೆ ಎರಡು ಸಲ ಕೆಂಪು ಗೆರೆ ಬಿದ್ದಿತ್ತು.

ಅಲ್ಲಿಂದ ಒಂದೊಂದೇ ಬಂತು. ಒಂದು ವಾರದ ಮಳೆ ಕೂಡುವುದು, ಸರಾಸರಿ ತೆಗೆಯುವುದು, ಗ್ರಾಫ್ ಎಳೆಯುವುದು. ಇಂಚಿಗೆ 25.4 ಮಿಲಿಮೀಟರ್, ಹಾಗಾದರೆ 2 ಇಂಚು 35 ಸೆಂಟ್ ಎಷ್ಟು ಮಿಲಿಮೀಟರ್? ಗುಣಿಸಿ 59.69 ತಂದ. ಪೇಪರಿನಲ್ಲಿ ಬಂದ ಆಲ್ದೂರಿನ ಮಳೆ ಲೆಕ್ಕಕ್ಕೆ ತನ್ನದನ್ನು ಹೋಲಿಸಿ ನೋಡಿದ. ಅಜ್ಜನ ಹಳೇ ಪುಸ್ತಕ ತೆಗೆದು ಹೋದ ವರ್ಷದ ಜುಲೈಗಿಂತ ಶೇಕಡಾ ಎಷ್ಟು ಜಾಸ್ತಿ ಅಂತ ಹಾಕಿದ. ಕೊಯ್ಲಿನಲ್ಲಿ ಹಣ್ಣಿನ ತೂಕ, ಕಿಲೋ ಲೆಕ್ಕದ ಕೂಲಿ, ಐವತ್ತು ಕಿಲೋ ಮೂಟೆಯ ರೇಟು ಎಲ್ಲ ಅನುಪಾತದ ಪಾಠ. ಆದರೆ ಒಂದು ಎಚ್ಚರಿಕೆ: ಇದನ್ನೇ ನೆಚ್ಚಿಕೊಂಡು ಪುಸ್ತಕ ಬಿಡಬೇಡಿ. ಬೀಜಗಣಿತ, ರೇಖಾಗಣಿತ ತೋಟದಲ್ಲಿ ತಾನಾಗಿ ಸಿಗುವುದಿಲ್ಲ. ದಿನಾ ಪಠ್ಯದ ಹತ್ತು ಲೆಕ್ಕ ಕೂತು ಮಾಡಲೇಬೇಕು.

ಕನ್ನಡಕ್ಕೆ ದಿನಾ ಅರ್ಧ ಪುಟ ಸ್ವಂತ ಬರವಣಿಗೆ. ನೋಡಿ ಬರೆಯುವುದು ಬೇಡ. ಅತ್ತೆಯ ಹತ್ತಿರ ಕೇಳಿದ ಗಾದೆ, ಕೋಳಿ ಮರಿ ಮಾಡಿದ್ದು, ಮಾಮನಿಗೆ ಕಾಗದ, ಏನಾದರೂ ಆಗಬಹುದು. ತಪ್ಪು ತಿದ್ದುವಾಗ ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ, ಇವತ್ತು ಅಲ್ಪಪ್ರಾಣ ಮಹಾಪ್ರಾಣ, ಮುಂದಿನ ವಾರ ವಿಭಕ್ತಿ. ಬಾಲವಿಜ್ಞಾನ ಮಾಸಪತ್ರಿಕೆ ಈ ವಯಸ್ಸಿಗೆ ಒಳ್ಳೆಯ ಓದು. ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಕತೆ ಪುಸ್ತಕಗಳು ಉಚಿತ. ಇಂಗ್ಲಿಷಿಗೆ ದಿನಾ ಗಟ್ಟಿಯಾಗಿ ಓದುವುದು, ವಾರಕ್ಕೆ ಎರಡು ಸಲ ಬರೆಯುವುದು. ಹಿಂದಿ ನಾವು ವಾರಕ್ಕೆ ಎರಡೇ ದಿನ ಇಟ್ಟೆವು.

ವಿಜ್ಞಾನಕ್ಕೆ ಹೂಮಳೆ ಬಿದ್ದ ಮೇಲಿನ ಎರಡು ವಾರ ಬಂಗಾರದ ಹೊತ್ತು. ಮಳೆ ಬಿದ್ದ ಎಷ್ಟನೇ ದಿನಕ್ಕೆ ಕಾಫಿ ಹೂ ಅರಳಿತು, ಎಷ್ಟು ದಿನ ಉಳಿಯಿತು, ಎಷ್ಟು ಜೇನು ಬಂತು, ಹೂವಿನ ಭಾಗಗಳು ಯಾವುವು ಅಂತ ನೋಡಿ ಚಿತ್ರ ಬರೆಸಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಮೊದಲೇ ಕೇಳಿಕೊಂಡು ಹೋಗಿ. ಪ್ರಯೋಗ ಇಲ್ಲದ ವಿಜ್ಞಾನ ಬರೀ ಬಾಯಿಪಾಠ. ಮೇಣದಬತ್ತಿ, ಆಯಸ್ಕಾಂತ, ಸೆಲ್ಲು, ಬಲ್ಬು, ಭೂತಗನ್ನಡಿ, ಥರ್ಮಾಮೀಟರ್ ಒಂದು ಡಬ್ಬದಲ್ಲಿ ಸದಾ ಇರಲಿ.

ಸಮಾಜಕ್ಕೆ ನಮಗಿಂತ ಅದೃಷ್ಟವಂತರಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು, ಸುಮಾರು ಕ್ರಿ.ಶ. 450ರದು, ಸಿಕ್ಕಿದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಸಕಲೇಶಪುರದ ಮಂಜರಾಬಾದ್ ಕೋಟೆಯ ನಕ್ಷತ್ರದ ಆಕಾರವನ್ನು ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಹೋಗಿ ಒಳಗೆ ನಡೆದು ನೋಡಿ. ಒಂದು ದಿನಕ್ಕೆ ಒಂದೇ ಜಾಗ, ಒಂದೇ ಪ್ರಶ್ನೆ. ಹಳೇಬೀಡಿಗೆ ಹೋದಾಗ ನಾವು ಗೋಡೆಯ ಆನೆಗಳ ಸಾಲು ಮಾತ್ರ ನೋಡಿದೆವು, ಒಂದು ಆನೆಯ ಹಾಗೆ ಇನ್ನೊಂದು ಇದೆಯಾ ಅಂತ. ಮೂರು ಗಂಟೆ ಸಾಲಲಿಲ್ಲ.

ನದಿಗಳ ಪಾಠವನ್ನು ನಮ್ಮ ಜಿಲ್ಲೆಯಿಂದಲೇ ಶುರು ಮಾಡಿ. ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟುವ ಹೇಮಾವತಿಯೂ, ಗೊರೂರಿನ ಬಳಿ ಅದನ್ನು ಸೇರುವ ಯಗಚಿಯೂ ಕಾವೇರಿಗೆ ಹೋಗುತ್ತವೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ ಕೃಷ್ಣೆಗೆ. ಒಂದೇ ಜಿಲ್ಲೆಯಲ್ಲಿ ಬಿದ್ದ ಮಳೆ ಎರಡು ದೊಡ್ಡ ನದಿಗಳಿಗೆ ಹಂಚಿಹೋಗುವುದನ್ನು ಮಗು ತಾನೇ ನಕ್ಷೆಯಲ್ಲಿ ಬಣ್ಣ ಹಚ್ಚಿ ನೋಡಲಿ. ಪೌರನೀತಿಗೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಕರೆದುಕೊಂಡು ಹೋಗಿ.

ಹಂತ 8: ದಿನಚರಿ ಪುಸ್ತಕ, ಇದನ್ನು ಮಾತ್ರ ಬಿಡಬೇಡಿ

ಒಂದು ದಪ್ಪ ಪುಸ್ತಕ ಇಡಿ. ದಿನಾ ರಾತ್ರಿ ಐದು ಸಾಲು. ನಮ್ಮದರಿಂದ ಒಂದು ದಿನ:

"ಜುಲೈ 9. ಮಳೆ 2 ಇಂಚು 35 ಸೆಂಟ್. ಗಣಿತ: ದಶಮಾಂಶ ಗುಣಾಕಾರ, 10ರಲ್ಲಿ 7 ಸರಿ, ಬಿಂದು ಇಡುವಲ್ಲಿ ತಪ್ಪು. ಕನ್ನಡ: ಉಂಬಳದ (ಜಿಗಣೆ) ಬಗ್ಗೆ ಅರ್ಧ ಪುಟ. ಸಮಾಜ ಆಗಲಿಲ್ಲ, ಕರೆಂಟ್ ಇಲ್ಲ, ಅಜ್ಜನ ಜೊತೆ ಚೌಕಾಬಾರ. ಮೂಡ್ ಚೆನ್ನಾಗಿತ್ತು."

ಆಗದ್ದನ್ನೂ ಬರೆಯಿರಿ. ತಿಂಗಳಿಗೊಮ್ಮೆ ಮಗುವಿನ ಒಳ್ಳೆಯ ಎರಡು ಬರಹ, ಒಂದು ಗಣಿತದ ಹಾಳೆ, ಒಂದು ಚಿತ್ರ ತೆಗೆದು ತಾರೀಕು ಹಾಕಿ ಫೈಲಿಗೆ ಸೇರಿಸಿ. ನಾಳೆ ಶಾಲೆಗೆ ಸೇರಿಸುವಾಗಲೂ, ಇಲಾಖೆಯವರು ಬಂದಾಗಲೂ, ನಿಮಗೇ ರಾತ್ರಿ ಹನ್ನೊಂದಕ್ಕೆ "ಮಗು ಏನೂ ಕಲಿಯುತ್ತಿಲ್ಲ" ಅಂತ ಎದೆ ಬಡಿದುಕೊಂಡಾಗಲೂ ಕೈಗೆ ಬರುವುದು ಈ ಪುಸ್ತಕ. ವರ್ಷದ ಕೊನೆಗೆ ಆ ತರಗತಿಯ ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಸಿ. ಅಂಕಕ್ಕಿಂತ ಮೂರು ಗಂಟೆ ಕೂತು ಬರೆಯುವ ಅಭ್ಯಾಸಕ್ಕೆ ಅದು ಬೇಕು.

ಹಂತ 9: ಜೊತೆಗಾರರು, ನೆಂಟರು, ದುಡ್ಡು

ಮಗುವಿಗೆ ನಿಜವಾದ ನಷ್ಟ ಆಗುವುದು ಜೊತೆಗಾರರದ್ದು. ಇದನ್ನು ಹಗುರ ಮಾಡಬೇಡಿ. ತೋಟದ ಒಂಟಿ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗ ದೊಡ್ಡವರ ಜೊತೆಯೇ ಇದ್ದರೆ ಬಾಡಿಹೋಗುತ್ತಾನೆ. ವಾರಕ್ಕೆ ನಾಲ್ಕು ಸಂಜೆ ಓರಗೆಯ ಮಕ್ಕಳ ಜೊತೆ ಆಟ ಇರಲೇಬೇಕು. ನಾವು ಊರಿನ ವಾಲಿಬಾಲ್ ಗುಂಪಿಗೆ ಸೇರಿಸಿದೆವು. ಸ್ಕೂಟರಿನಲ್ಲಿ ಬಿಟ್ಟು, ಆನೆ ಓಡಾಡುವ ದಾರಿ ಆದ್ದರಿಂದ ಕತ್ತಲಾಗುವ ಮೊದಲು ಕರೆತರುತ್ತೇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕದ ಜೊತೆಗೆ ಬೇರೆ ಮಕ್ಕಳೂ ಸಿಗುತ್ತಾರೆ. ಹಳೇ ಶಾಲೆಯ ಸ್ನೇಹಿತರನ್ನು ತಿಂಗಳಿಗೊಮ್ಮೆ ಮನೆಗೆ ಕರೆಯಿರಿ.

ನೆಂಟರು ಮದುವೆ ಮನೆಯಲ್ಲಿ ಮಗುವನ್ನು ನಿಲ್ಲಿಸಿಕೊಂಡು ಮಗ್ಗಿ ಕೇಳುತ್ತಾರೆ. ಮೊದಲೇ ಮಗುವಿಗೆ ಒಂದು ಉತ್ತರ ಕೊಟ್ಟಿರಿ. ನಮ್ಮವನು "ಈ ವರ್ಷ ಮನೇಲಿ ಓದ್ತಿದ್ದೀನಿ ದೊಡ್ಡಪ್ಪ, ಹತ್ತನೇ ಪರೀಕ್ಷೆ ಬರೀತೀನಿ" ಅನ್ನುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಖರ್ಚು ನಮಗೆ ಮೊದಲ ವರ್ಷ ಪುಸ್ತಕ, ಪ್ರಿಂಟು, ಸಾಮಾನು, ಓಡಾಟ ಸೇರಿ ಹದಿನಾಲ್ಕು ಸಾವಿರ ಆಯಿತು. ಶಾಲೆ ಫೀಗಿಂತ ಕಮ್ಮಿ. ಆದರೆ ನಾನು ಮಾಡುತ್ತಿದ್ದ ಹೊಲಿಗೆ ಕೆಲಸದಲ್ಲಿ ಅರ್ಧ ಬಿಡಬೇಕಾಯಿತು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹಂತ 10: ಪ್ರತಿ ಏಪ್ರಿಲ್ ಮತ್ತೆ ತೀರ್ಮಾನ

ಒಮ್ಮೆ ಬಿಡಿಸಿದ್ದು ಹತ್ತನೆಯವರೆಗೂ ಅಂತ ಹಟ ಹಿಡಿಯಬೇಡಿ. ವರ್ಷಕ್ಕೊಮ್ಮೆ ದಿನಚರಿ ಪುಸ್ತಕ ಮುಂದಿಟ್ಟುಕೊಂಡು ಮನೆಯವರೆಲ್ಲ ಕೂರಿ. ಆರು ತಿಂಗಳಿಂದ ಗಣಿತ ಮುಂದೆ ಹೋಗಿಲ್ಲ, ಮಗು ಜನರನ್ನು ಕಂಡರೆ ಒಳಗೆ ಹೋಗುತ್ತದೆ, ಕಲಿಸುವವರಿಗೆ ದಿನಾ ಸಿಟ್ಟು ಬರುತ್ತಿದೆ, ಇವುಗಳಲ್ಲಿ ಯಾವುದಾದರೂ ಕಂಡರೆ ಶಾಲೆಗೆ ವಾಪಸ್ ಕಳಿಸುವುದೇ ಸರಿ. ಎಂಟನೆಯದಕ್ಕೆ ಸೇರುವ ವರ್ಷ ಇದಕ್ಕೆ ಚೆನ್ನಾಗಿದೆ, ಹೈಸ್ಕೂಲಿನಲ್ಲಿ ಎಷ್ಟೋ ಮಕ್ಕಳು ಅವತ್ತೇ ಹೊಸಬರಾಗಿರುತ್ತಾರೆ. ಫೆಬ್ರವರಿಯಲ್ಲೇ ಹೋಗಿ ಮುಖ್ಯ ಶಿಕ್ಷಕರನ್ನು ಕಂಡು, ಟಿಸಿ ಮತ್ತು ಫೈಲು ತೋರಿಸಿ ಮಾತಾಡಿ ಬನ್ನಿ.

ನಾವೂ ಈ ಫೆಬ್ರವರಿಯಲ್ಲಿ ಹೋಗಿ ಮಾತಾಡಿ ಬಂದೆವು. ಮಗ ಹೈಸ್ಕೂಲು ನೋಡಿದ, ಗ್ರೌಂಡಿನಲ್ಲಿ ಒಂದು ಸುತ್ತು ಹಾಕಿದ. ಏಪ್ರಿಲ್‌ನಲ್ಲಿ ಕೂತು ಕೇಳಿದಾಗ, ಇನ್ನೊಂದು ವರ್ಷ ಮನೆಯಲ್ಲೇ ಓದುತ್ತೇನೆ ಅಂದ. ಆದರೆ ಗಣಿತ ಅಮ್ಮನ ಹತ್ತಿರ ಬೇಡ, ಬೇರೆಯವರ ಹತ್ತಿರ ಕಲಿಯಬೇಕು ಅಂತಲೂ ಅಂದ. ನನಗೆ ಸ್ವಲ್ಪ ನೋವಾಯಿತು, ಆದರೆ ಸರಿ ಅನ್ನಿಸಿತು. ಈಗ ವಾರಕ್ಕೆ ಎರಡು ದಿನ ಪಕ್ಕದ ಊರಿನ ನಿವೃತ್ತ ಮೇಷ್ಟ್ರ ಮನೆಗೆ ನಡೆದು ಹೋಗುತ್ತಾನೆ. ಅಲ್ಲಿ ಅವನ ಜೊತೆ ಇನ್ನೂ ಮೂರು ಮಕ್ಕಳು ಕೂರುತ್ತಾರೆ.